ಕಟ್ಟು ಹಾಕಿಸಿದ ಹೊಗಳಿಕೆ

ಟಕ್. ಟಕ್. ಟಕಟಕ್. ಟಕ್.

ಹೊನ್ನವಳ್ಳಿಯ ಹಿಂದಲ ಬೀದಿಯಲ್ಲಿ ತಿಮ್ಮಕ್ಕನ ಮನೆಗೂ ರೇವಣಸಿದ್ದಯ್ಯನ ಕೊಬ್ಬರಿ ಅಂಗಳಕ್ಕೂ ನಡುವೆ ಒಂದೇ ಗೋಡೆ. ಬಿಸಿಲು ಆ ಗೋಡೆಯಿಂದ ಕೆಳಗಿಳಿಯುವ ಮೊದಲೇ ಆಚೆ ಸದ್ದು ಶುರುವಾಗುತ್ತಿತ್ತು. ಅಟ್ಟದ ಮೇಲೆ ವರ್ಷದ ಹತ್ತಿರ ಮಲಗಿ ಒಳಗೊಳಗೇ ಒಣಗಿದ ಕಾಯಿಗಳನ್ನು ಗಂಡಸರು ಇಳಿಸಿ, ನಾರು ಸುಲಿದು ರಾಶಿ ಹಾಕುವರು. ಹೆಂಗಸರು ಸಾಲಾಗಿ ಕೂತು ಮಚ್ಚಿನ ಏಟಿನಿಂದ ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ಗಾಯವಾಗದಂತೆ ಹೊರತೆಗೆಯುವರು. ಏಟು ಜೋರಾದರೆ ಕೊಬ್ಬರಿ ಸೀಳುತ್ತದೆ, ಮೆತ್ತಗಾದರೆ ಚಿಪ್ಪು ಜಗ್ಗುವುದಿಲ್ಲ. ತಾನೂ ಅಲ್ಲಿಗೆ ಕೆಲಸಕ್ಕೆ ಹೊರಡುವ ಮುನ್ನ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಲೇ ತಿಮ್ಮಕ್ಕ ಯಾವ ಏಟು ಯಾರದೆಂದು ಹೇಳಬಲ್ಲಳು.

ಆ ಸದ್ದಿನಲ್ಲಿ ಎರಡು ವರ್ಷದಿಂದ ಒಂದು ಏಟು ಇರಲಿಲ್ಲ. ಎರಡು ಹಗುರ, ಆಮೇಲೆ ಕಾಯಿ ತಿರುಗಿಸುವಷ್ಟು ಬಿಡುವು, ಮತ್ತೆ ಒಂದು ಭಾರ. ಅದು ಅವಳ ತಂಗಿ ಲಕ್ಷ್ಮಿದೇವಮ್ಮನ ಏಟು.

ಅಕ್ಕತಂಗಿಯರಿಬ್ಬರೂ ದಂಡಿನಶಿವರದಲ್ಲಿ ಹುಟ್ಟಿ, ಹೊನ್ನವಳ್ಳಿಯ ಅಣ್ಣತಮ್ಮಂದಿರನ್ನು ಮದುವೆಯಾಗಿ, ಒಂದೇ ಗಾಡಿಯಲ್ಲಿ ಈ ಊರಿಗೆ ಬಂದವರು. ತವರಿನಿಂದ ತಂದದ್ದು ತಲಾ ಒಂದು ಪೆಟ್ಟಿಗೆ, ಜೊತೆಗೆ ಅವ್ವನ ಹಾಡುಗಳು. ತಿಮ್ಮಕ್ಕ ಸಾಲು ಎತ್ತುವವಳು. ಲಕ್ಷ್ಮಿದೇವಮ್ಮ ಅದನ್ನು ಹಿಡಿದು ತಿರುಗಿ ಹೇಳುವವಳು. ಎತ್ತಿದ ಸಾಲು ತಂಗಿಯ ಗಂಟಲಿಂದ ತಿರುಗಿ ಬರುವಾಗ ಅದರ ಅಂಚು ಇನ್ನೂ ಒಂದಿಷ್ಟು ಹರಿತವಾಗಿರುತ್ತಿತ್ತು.

ಅರಿಶಿನ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು ಊರಿನ ಎಲ್ಲ ಹೆಂಗಸರಿಗೂ ಬರುತ್ತಿದ್ದವು. ಇವರಿಬ್ಬರನ್ನು ಹುಡುಕಿಕೊಂಡು ಬರುತ್ತಿದ್ದುದು ಬೀಗರ ಹಾಡಿಗೆ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಚಪ್ಪರದಲ್ಲೇ ಕೂರಿಸಿಕೊಂಡು ಗೇಲಿ ಮಾಡುವ ಹಾಡು ಅದು. ಹಾಡಿಸಿಕೊಂಡವರು ಸಿಟ್ಟಾಗುವಂತಿಲ್ಲ, ಎದ್ದು ಹೋಗುವಂತಿಲ್ಲ. ಹಾಡು ಏನು ಕೇಳಿತೋ ಅದನ್ನು ಮಾಡಿ, ವೀಳ್ಯ ಕೊಟ್ಟು, ನಗಬೇಕು. ಸಿಟ್ಟಾದರೆ ಸೋತರು ಎಂದೇ ಅರ್ಥ.

ಚಿಕ್ಕಂದಿನಲ್ಲಿ ತಿಮ್ಮಕ್ಕ ಒಮ್ಮೆ ಕುಳ್ಳಗಿದ್ದ ಬೀಗನೊಬ್ಬನನ್ನು ಹಾಡಿನಲ್ಲಿ ಕುಳ್ಳ ಎಂದುಬಿಟ್ಟಿದ್ದಳು. ಜನ ನಕ್ಕಿದ್ದರು. ಮನೆಗೆ ಬಂದಮೇಲೆ ಅವ್ವ ಕಿವಿ ಹಿಂಡಿದ್ದಳು.

"ಕುಳ್ಳನ್ನ ಕುಳ್ಳ ಅಂದ್ರೆ ಅದು ಬೈಗುಳ ಕಣೇ. ಅದನ್ನ ಹೇಳೋಕೆ ನೀನ್ಯಾಕೆ ಬೇಕು, ಅವನ ಕಂಡ ನಾಯೂ ಹೇಳ್ತದೆ."

"ಮತ್ತೆ ಹೆಂಗಂತ ಅನ್ಬೇಕವ್ವ?"

"ಬಾಗಿಲು ಸಣ್ಣದು ಬೀಗರೇ, ಬಗ್ಗಿ ಬನ್ನಿ, ತಲೆ ತಾಕೀತು ಅನ್ನು. ಅವನು ಬಗ್ತಾನೆ ನೋಡು. ಅವನು ಬಗ್ಗಿದ್ನಲ್ಲ, ಅದೇ ಹಾಡು."

ಆ ಪಾಠ ತಿಮ್ಮಕ್ಕನ ಜೊತೆ ಹೊನ್ನವಳ್ಳಿಗೂ ಬಂದಿತ್ತು.

ಅಂಗಳದ ಗೇಟಿನಲ್ಲಿ ರೇವಣಸಿದ್ದಯ್ಯನ ಕುರ್ಚಿ. ಸಾಯಂಕಾಲ ಕೆಲಸ ಬಿಟ್ಟ ಹೆಂಗಸರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು, ಮಡಿಲು ಬಿಚ್ಚಿ ಒದರಿ, ಕೊಬ್ಬರಿ ಚೂರು ಬಚ್ಚಿಟ್ಟುಕೊಂಡಿಲ್ಲವೆಂದು ತೋರಿಸಿ ದಾಟಬೇಕು. ಅವನು ಕೆಟ್ಟ ಮಾತಾಡಿದವನಲ್ಲ, ಯಾರನ್ನೂ ಕೆಟ್ಟ ಕಣ್ಣಿಂದ ನೋಡಿದವನೂ ಅಲ್ಲ. "ನನ್ನ ಗೇಟಲ್ಲಿ ಎಲ್ಲಾರೂ ಒಂದೇ" ಎನ್ನುವುದರಲ್ಲಿ ಅವನಿಗೊಂದು ಸುಖ. ಸ್ವಂತ ಷಡ್ಡಕನ ಕೈಚೀಲವನ್ನೂ ಬಿಚ್ಚಿಸಿದ ಕತೆಯನ್ನು ತಿಪಟೂರಿನ ತನ್ನ ಮಂಡಿಯಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದ.

ಎಪ್ಪತ್ತೇಳರ ಕಾರ್ತಿಕದಲ್ಲಿ ಲಕ್ಷ್ಮಿದೇವಮ್ಮನಿಗೆ ಏಳು ತಿಂಗಳು ತುಂಬಿತ್ತು. ಅಂದು ಸಾಯಂಕಾಲ ರೇವಣಸಿದ್ದಯ್ಯನ ಹೆಂಡತಿ ಸುವರ್ಣಮ್ಮ ಅವಳನ್ನು ಅಂಗಳಕ್ಕೆ ಹೊಂದಿದ್ದ ಮನೆಯ ಹಿತ್ತಲ ಜಗಲಿಗೆ ಕರೆದು, ಕೂರಿಸಿ, ಮಡಿಲು ತುಂಬಿದಳು. ಅಕ್ಕಿ, ಜೋಡಿ ಕೊಬ್ಬರಿ, ಅಚ್ಚು ಬೆಲ್ಲ, ವೀಳ್ಯದೆಲೆ, ಮೇಲೊಂದು ಜೊತೆ ಹಸಿರು ಬಳೆ. ತುಂಬಿದ ಹೆಂಗಸನ್ನು ಬರಿ ಮಡಿಲಲ್ಲಿ ಕಳಿಸಬಾರದೆಂದು ಅವಳ ಮನಸ್ಸು. ಲಕ್ಷ್ಮಿದೇವಮ್ಮ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು ಗೇಟಿಗೆ ಬಂದಳು.

"ಒದರು."

"ಅಮ್ಮಾವ್ರು ತುಂಬಿದ್ದು, ಬುದ್ಧಿ."

"ಯಾರು ತುಂಬಿದ್ರೂ ಗೇಟು ಗೇಟೇ. ಇವತ್ತು ನಿನಗೆ ಬಿಟ್ರೆ ನಾಳೆ ಎಲ್ಲಾರ್ಗೂ ಬಿಡ್ಬೇಕಾಯ್ತದೆ. ಒದರಮ್ಮ."

ಲಕ್ಷ್ಮಿದೇವಮ್ಮ ತಿರುಗಿ ನೋಡಿದಳು. ಸುವರ್ಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಬಾಯಿಂದ ಮಾತು ಬರಲಿಲ್ಲ. ಲಕ್ಷ್ಮಿದೇವಮ್ಮ ಗಂಟು ಬಿಚ್ಚಿದಳು. ಅಕ್ಕಿ ನೆಲಕ್ಕೆ ಸುರಿಯಿತು. ಒಂದು ಬಳೆ ಒಡೆಯಿತು. ಕೊಬ್ಬರಿ ಉರುಳುತ್ತ ಹೋಗಿ ರೇವಣಸಿದ್ದಯ್ಯನ ಚಪ್ಪಲಿಗೆ ತಾಗಿ ನಿಂತಿತು.

"ಸರಿ, ಮನೆಯವಳು ಕೊಟ್ಟಿದ್ದೇ. ಎತ್ಕೊಂಡು ಹೋಗು" ಎಂದ ಅವನು.

ಅವಳು ಬಗ್ಗಲಿಲ್ಲ. ಸೆರಗು ಸರಿಮಾಡಿಕೊಂಡು ಹಾಗೇ ನಡೆದಳು. ಕೋಳಿಗಳು ಬಂದವು. ಸಾಲಿನಲ್ಲಿ ಅವಳ ಹಿಂದೆಯೇ ತಿಮ್ಮಕ್ಕನ ಸರದಿ. ಚೆಲ್ಲಿದ ಅಕ್ಕಿಯ ಮೇಲೆ ನಿಂತು ತಿಮ್ಮಕ್ಕನೂ ಮಡಿಲು ಒದರಿದಳು. ಅವತ್ತು ಯಾಕೆ ಒದರಿದೆ ಎಂದು ತನ್ನನ್ನೇ ಕೇಳಿಕೊಂಡಾಗಲೆಲ್ಲ ಅವಳಿಗೆ ಉತ್ತರ ಸಿಗುತ್ತಿರಲಿಲ್ಲ. ಸಿಗದ ಉತ್ತರ ಒಳಗೆ ಗಟ್ಟಿಯಾಗುತ್ತ ಹೋಯಿತು.

ಕೂಸು ಚೆನ್ನಾಗಿಯೇ ಹುಟ್ಟಿತು. ಕೆಟ್ಟದ್ದೇನೂ ಆಗಲಿಲ್ಲ. ಹಾಗಾಗಿ ಊರು ಅದನ್ನು ಮರೆಯಿತು. ಲಕ್ಷ್ಮಿದೇವಮ್ಮ ಮಾತ್ರ ಮತ್ತೆ ಅಂಗಳಕ್ಕೆ ಕಾಲಿಡಲಿಲ್ಲ, ಯಾರ ಮದುವೆಯಲ್ಲೂ ಬಾಯಿ ತೆರೆಯಲಿಲ್ಲ. ಹಾಡಲು ಕರೆದರೆ "ಗಂಟ್ಲು ಕಟ್ಟೈತೆ" ಅನ್ನುವಳು. ಎರಡು ವರ್ಷ ಕಟ್ಟಿಕೊಂಡಿರುವ ಗಂಟಲು ಯಾವುದೆಂದು ಯಾರೂ ಕೇಳಲಿಲ್ಲ. ತಿಮ್ಮಕ್ಕ ಬೇರೆ ಹೆಂಗಸರ ಜೊತೆ ಹಾಡಿದಳು. ಅವಳು ಎತ್ತಿದ ಸಾಲು ಅವರ ಗಂಟಲಿಂದ ಬರಿದೇ ತಿರುಗಿ ಬರುತ್ತಿತ್ತು.

ಒಂದು ದಿನ ತಂಗಿಯ ಮನೆಯ ಜಗಲಿಯಲ್ಲಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ ತಿಮ್ಮಕ್ಕ ಹೇಳಿದಳು:

"ಅವರ ಮಡಿಲು ನಾನು ಒದರಿಸ್ತೀನಿ ಕಣೇ. ಊರು ಜನದ ಎದುರಿಗೆ."

"ಬುಡಕ್ಕ. ಅವರ ಅಂಗಳದಾಗೆ ಕೆಲಸ ಮಾಡ್ಕೊಂಡು ನೀನೇನು ಒದರಿಸ್ತೀಯ?"

"ಬೈಯಲ್ಲ. ಕೈ ಮುಟ್ಟಲ್ಲ. ಅವರೇ ಎದ್ದು ನಿಂತು ಒದರಬೇಕು."

ಲಕ್ಷ್ಮಿದೇವಮ್ಮ ನಗಲಿಲ್ಲ. ಬೇಡ ಎಂದು ಎರಡನೇ ಸಲ ಹೇಳಲೂ ಇಲ್ಲ.

ಅಲ್ಲಿಂದ ತಿಮ್ಮಕ್ಕ ಹಾಡು ಕಟ್ಟತೊಡಗಿದಳು. ಮಚ್ಚಿನ ಒಂದು ಏಟಿಗೂ ಮತ್ತೊಂದಕ್ಕೂ ನಡುವೆ ಒಂದೊಂದು ಮಾತು. ವರ್ಷಕ್ಕೂ ಮೇಲೆ ದಿನವೂ ಅದೇ ಗೇಟಿನಲ್ಲಿ ನಿಂತು ಮಡಿಲು ಒದರುತ್ತ ಅವನ ಮುಖ ನೋಡಿದಳು, ಅವನ ಮಾತನ್ನು ಹಾಗೆಹಾಗೇ ನೆನಪಿಟ್ಟುಕೊಂಡಳು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ, ಇನ್ನೂ ನೀರಿದ್ದರೆ ಲೊಟಲೊಟ ಎನ್ನುತ್ತದೆ. ನೀರೆಲ್ಲ ಆರಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆಯೇ ಗಡಗಡ ಎನ್ನುವುದು. ಹಾಡನ್ನೂ ಅವಳು ಹಾಗೆ ಅಲ್ಲಾಡಿಸಿ ನೋಡಿದಳು. ಬೈಗುಳದ ಹಸಿ ಇದ್ದ ಮಾತನ್ನೆಲ್ಲ ತೆಗೆದಳು. ಒಂದೂ ಸಿಟ್ಟಿನ ಶಬ್ದ ಉಳಿಯದ ದಿನ, ಹಾಡು ಆಯಿತು ಎಂದುಕೊಂಡಳು.

ಆದರೆ ಹಾಡುವುದೆಲ್ಲಿ? ಹೊನ್ನವಳ್ಳಿಯ ಸೊಸೆ ಹೊನ್ನವಳ್ಳಿಯ ಸಾಹುಕಾರನನ್ನು ಗೇಲಿ ಮಾಡುವ ಚಪ್ಪರ ಎಲ್ಲಿದೆ?

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅದೂ ಸಿಕ್ಕಿತು. ರೇವಣಸಿದ್ದಯ್ಯನ ಮಗನಿಗೆ ದಂಡಿನಶಿವರದ ಪರಮಶಿವಯ್ಯ ಎಂಬುವರ ಮಗಳು ಗೊತ್ತಾದಳು. ಸುದ್ದಿ ಅಂಗಳಕ್ಕೆ ಬಂದಾಗ ತಿಮ್ಮಕ್ಕನ ಮಚ್ಚು ಅರ್ಧಕ್ಕೇ ನಿಂತಿತು. ಒಂದು ಊರಲ್ಲಿ ಹುಟ್ಟಿದ ಹೆಣ್ಣು, ಯಾವ ಜಾತಿಯವಳಾಗಲಿ, ಆ ಊರಿನ ಮದುವೆಯಲ್ಲಿ ಹೆಣ್ಣಿನ ಕಡೆಯವಳೇ. ಲಗ್ನದ ಹಿಂದಿನ ದಿನ ತಿಮ್ಮಕ್ಕ ಬಸ್ಸು ಹತ್ತಿ ತವರಿಗೆ ಹೋದಳು. ಲಕ್ಷ್ಮಿದೇವಮ್ಮ ಹಾಡುವುದಿಲ್ಲ ಎಂದೇ ಹೇಳಿ, ಕೂಸನ್ನೆತ್ತಿಕೊಂಡು ಜೊತೆಗೆ ಹೊರಟಳು.

ಚಪ್ಪರದಲ್ಲಿ ಅವಳನ್ನು ಕಂಡು ರೇವಣಸಿದ್ದಯ್ಯ ನಕ್ಕ. "ಏನ್ ತಿಮ್ಮಕ್ಕ, ನಮ್ಮೂರ ಸೊಸೆ ಅವರ ಕಡೆ ಸೇರ್ಕೊಂಡಿದ್ದೀಯ?"

"ಹುಟ್ಟಿದೂರು ಬುದ್ಧಿ. ಇವತ್ತೊಂದಿನ ನಾನು ಈ ಊರ ಮಗಳು."

"ಹಾಡು ಹಾಡು. ನನ್ನಲ್ಲಿ ಗೇಲಿ ಮಾಡೋಕೆ ಏನೈತೆ ಹುಡ್ಕು ನೋಡಾನ."

"ಅಯ್ಯೋ, ಗೇಲಿ ಎಲ್ಲಿ ಬಂತು ಬುದ್ಧಿ? ನಿಮ್ಮ ಧರ್ಮ ಹಾಡೋಕೇ ನಮಗೆ ಉಸಿರು ಸಾಲದು."

ಊಟವಾಗಿತ್ತು. ಹೆಣ್ಣಿನ ಕಡೆಯವರು ಬೀಗರ ಶಲ್ಯದ ತುಂಬ ಅಕ್ಕಿ, ಕೊಬ್ಬರಿ, ಬಾಳೆಹಣ್ಣು, ಎಲೆಅಡಿಕೆ ತುಂಬಿ ಕಟ್ಟಿ ಬೀಳ್ಕೊಡುವ ಹೊತ್ತು. ಆ ಗಂಟನ್ನು ಅವನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಿಮ್ಮಕ್ಕ ಗಂಟಲು ಸರಿಮಾಡಿಕೊಂಡಳು. ಬೀಗರ ಹಾಡಿನ ಕುಣಿಯುವ ಧಾಟಿಯಲ್ಲಿ ಅಲ್ಲ, ದೇವರಿಗೆ ಆರತಿ ಎತ್ತುವಾಗಿನ ನಿಧಾನದ ಧಾಟಿಯಲ್ಲಿ ಎತ್ತಿಕೊಂಡಳು.

ನಮ್ಮ ಬೀಗರ ಗೇಟು ಧರ್ಮದ ಗೇಟವ್ವ
ಇರುವೆ ಬಂದರು ಅಲ್ಲಿ ನಿಲಬೇಕು, ಬಾಯೊಳಗೆ
ಏನೈತೆ ತೆಗೆದು ತೋರಬೇಕು

ಕರೆವ ಹಸುವಾದರೂ ಬಿಡುವಿಲ್ಲ ಬೀಗರಲಿ
ಕೆಚ್ಚಲೊದರದೆ ಗೇಟು ದಾಟಂಗಿಲ್ಲ, ಹಾಲು
ಚೆಲ್ಲಲಿ ಧರ್ಮ ಚೆಲ್ಲಂಗಿಲ್ಲ

ತೋಟದ ಮ್ಯಾಲೆ ಬಂದ ಚಂದಿರನ ಕರೆದಾರು
ಮಡಿಲು ಒದರಯ್ಯ ಎಂದಾರು, ಬೆಳುದಿಂಗಳು
ಉದುರೋಗಿ ಬರಿಗೈಲಿ ನಡೆದಾನು

ರೇವಣಸಿದ್ದಯ್ಯ ತಲೆದೂಗುತ್ತಿದ್ದ. ಪಕ್ಕದವನಿಗೆ "ಕೇಳ್ದೇನಯ್ಯ, ಚಂದ್ರನ್ನೂ ಬಿಡಲ್ವಂತೆ ನಾನು" ಎಂದು ತೊಡೆ ತಟ್ಟಿದ. ಹೊನ್ನವಳ್ಳಿಯಿಂದ ಬಂದಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ತಿಮ್ಮಕ್ಕ ತಂಗಿಯ ಕಡೆ ನೋಡದೆ ಮುಂದಿನದನ್ನು ಎತ್ತಿದಳು.

ತುಂಬಿದ ಮೋಡೊಂದು ದಾಟಿತ್ತು ಬೇಲೀಯ
ತಡೆದು ಮಡಿಲೊದರು ಎಂದಾರು, ನಮ್ಮೂರು
ಮಳೆ ಬಂತು ಎಂದು ನಲಿದೈತೆ

ಹೆಂಗಸರ ನಗು ನಿಂತಿತು. ಯಾರೋ ಲಕ್ಷ್ಮಿದೇವಮ್ಮನ ಕಡೆ ತಿರುಗಿದರು. ಅವಳು ಕೂಸಿನ ನೆತ್ತಿಯ ಮೇಲೆ ಗಲ್ಲವಿಟ್ಟು ನೆಲ ನೋಡುತ್ತಿದ್ದಳು.

ಊರೋರ ಮಡಿಲೆಲ್ಲ ಕಂಡಂಥ ಸತ್ಯುಳ್ಳ
ಬೀಗರ ಮಡಿಲೊಂದು ಉಳಿದೈತೆ, ಒದರಿದರೆ
ಮೂರು ಲೋಕಕು ಧರ್ಮ ತಿಳಿದೈತೆ

"ಒದರೀ ಬೀಗ್ರೇ!" ಎಂದು ಹೆಣ್ಣಿನ ಕಡೆಯವರು ಕೂಗಿದರು. "ಹಾಡು ಕೇಳೈತೆ, ಒದರಬೇಕು!"

ರೇವಣಸಿದ್ದಯ್ಯ ಎದ್ದ. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. "ನ್ಯಾಯ ಅಂದ್ರೆ ನ್ಯಾಯ, ನನಗೂ ಒಂದೇ!" ಎಂದು ಚಪ್ಪರದ ಬಾಳೆಕಂಬದ ಹತ್ತಿರ ಹೋಗಿ, ಗಂಟು ಬಿಚ್ಚಿ, ಶಲ್ಯವನ್ನು ಎರಡೂ ಕೈಯಲ್ಲಿ ಹಿಡಿದು ಒದರಿದ. ಅಕ್ಕಿ ಸುರಿಯಿತು. ಕೊಬ್ಬರಿ ಉರುಳಿತು. ಚಪ್ಪರಕ್ಕೆ ಚಪ್ಪರವೇ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವನು ನಕ್ಕ.

ತಿಮ್ಮಕ್ಕ ನಗಲಿಲ್ಲ. ಹದಿನೆಂಟು ತಿಂಗಳು ಕಾದ ಗಳಿಗೆ ಕಣ್ಣೆದುರಿಗೇ ಇತ್ತು. ಅದರೊಳಗೆ ಏನೂ ಇರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಲಕ್ಷ್ಮಿದೇವಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ಅವರು ಒದರಿದ್ದನ್ನ ಎತ್ತೋಕೆ ಹತ್ತು ಜನ ಓಡಿಬಂದ್ರು ಕಣಕ್ಕ."

"ಹೂಂ."

"ಒಂದು ಅಕ್ಕಿಕಾಳೂ ಬಿಡದಂಗೆ ಎತ್ತಿಕೊಟ್ರು. ಅವರು ವೀಳ್ಯ ಕೊಟ್ರು ನಿನಗೆ. ಹೊಗಳಿದಳು ಅಂದ್ಕೊಂಡವ್ರೆ."

"ಅಂದ್ಕೊಂಡವ್ರೆ."

"ಇನ್ನೂ ನೀರೈತೆ ಅವರೊಳಗೆ. ಅಲ್ಲಾಡ್ಸಿದ್ರೆ ಲೊಟಲೊಟ ಅಂತದೆ, ಅಷ್ಟೇಯ" ಎಂದಳು ಲಕ್ಷ್ಮಿದೇವಮ್ಮ. ಬಹಳ ದಿನಗಳ ಮೇಲೆ ಅವಳು ಆಡಿದ ಉದ್ದದ ಮಾತು ಅದು.

ತಿಮ್ಮಕ್ಕನಿಗೆ ಆ ವಾರ ಏಟು ಸರಿಯಾಗಿ ಬೀಳಲಿಲ್ಲ. ಮೂರು ಕೊಬ್ಬರಿ ಸೀಳಿದಳು. ಬಾಗಿಲು ಸಣ್ಣದು, ಬಗ್ಗಿ ಬನ್ನಿ ಎಂದಳು. ಬಗ್ಗಿದ. ಆದರೆ ಬಗ್ಗಿದವನು ತನ್ನನ್ನು ಎತ್ತರದವನೆಂದೇ ತಿಳಿದುಕೊಂಡರೆ ಏನು ಮಾಡುವುದು? ಅದನ್ನು ಅವ್ವ ಹೇಳಿರಲಿಲ್ಲ.

ಎಂಟು ದಿನ ಕಳೆದು ಒಂದು ಭಾನುವಾರ ರೇವಣಸಿದ್ದಯ್ಯನ ಮಗಳು ಶಾಂತಕುಮಾರಿ ನೋಟುಬುಕ್ಕು ಹಿಡಿದು ತಿಮ್ಮಕ್ಕನ ಜಗಲಿಗೆ ಬಂದಳು. ತಿಪಟೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗಿ. ಮಾತು ಕಡಿಮೆ, ಅಕ್ಷರ ಮುತ್ತು.

"ತಿಮ್ಮಕ್ಕ, ಅಪ್ಪ ಆ ಹಾಡು ಬರ್ಕೊಂಡು ಬಾ ಅಂದ್ರು. ದಪ್ಪ ಹಾಳೆ ಮೇಲೆ ಬರೆಸಿ, ಕಟ್ಟು ಹಾಕಿಸಿ, ಮಂಡೀಲಿ ನೇತು ಹಾಕ್ತಾರಂತೆ."

ತಿಮ್ಮಕ್ಕ ಮೊರ ಕೆಳಗಿಟ್ಟಳು. "ಗಾಜಿನ ಕಟ್ಟಾ ಅಮ್ಮಣ್ಣಿ?"

"ಹೂಂ. ದೇವರ ಪಟದ ಪಕ್ಕ."

ತಿಮ್ಮಕ್ಕ ಒಂದು ಗಳಿಗೆ ಹುಡುಗಿಯ ಮುಖ ನೋಡಿದಳು. ಆಮೇಲೆ ಮೊದಲ ಮೂರು ಸಾಲು ಹೇಳಿದಳು. ಹುಡುಗಿ ಬರೆದುಕೊಂಡಳು, ಓದಿದಳು, ಪೆನ್ನಿನ ತುದಿ ಕಚ್ಚಿದಳು.

"ನಮಗೆ ಈಗ ಕಾಲೇಜಲ್ಲಿ ವಿಡಂಬನೆ ಅಂತ ಪಾಠ ನಡೀತಿದೆ, ತಿಮ್ಮಕ್ಕ."

"ಹಂಗಂದ್ರೆ?"

"ಗೇಲಿ. ಬರೀ ನಗಿಸೋಕಲ್ಲ. ತಪ್ಪು ಮಾಡಿದೋರನ್ನ ತಿದ್ದೋಕೆ ಅಂತಾರೆ ನಮ್ಮ ಮೇಷ್ಟ್ರು."

"ತಿದ್ದೋಕಾ?" ತಿಮ್ಮಕ್ಕನ ಮೂಗಿನಿಂದ ಸಣ್ಣ ನಗು ಬಂತು. "ನಿಮ್ಮ ಮೇಷ್ಟ್ರಿಗೆ ಯಾರೂ ಏನೂ ಮಾಡಿಲ್ಲ ಬುಡವ್ವ. ಚುಚ್ಚೋಕೆ ಅದು. ತಿದ್ದಿಕೊಂಡ್ರೆ ಅದು ಅವರ ಪುಣ್ಯ."

ಹುಡುಗಿ ನೋಟುಬುಕ್ಕನ್ನು ಹಿಂದಕ್ಕೆ ಮಗುಚಿ ತನ್ನ ಪಾಠದ ಹಾಳೆ ತೆಗೆದಳು. "ಉತ್ಪ್ರೇಕ್ಷೆ ಅಂತ ಒಂದಿದೆ. ಇದ್ದದ್ದನ್ನ ಹಿಗ್ಗಿಸಿ ಹೇಳೋದು. ಇರುವೇನೂ ನಿಲ್ಲಿಸ್ತಾರೆ ಅಂದ್ರಲ್ಲ, ಹಂಗೆ."

"ಹಿಗ್ಗಿಸ್ಬೇಕು, ಸುಳ್ಳು ಹೇಳ್ಬಾರ್ದು. ಇರುವೆ ಸುಳ್ಳು, ಗೇಟು ನಿಜ. ಗೇಟೂ ಸುಳ್ಳಾಗಿದ್ರೆ ಯಾರು ನಗೋರು?"

"ವ್ಯಾಜಸ್ತುತಿ ಅಂತ ಇನ್ನೊಂದು. ಹೊಗಳೋ ಹಾಗೆ ಕಾಣ್ತದೆ, ಒಳಗೆ ತೆಗಳಿಕೆ ಇರ್ತದೆ."

"ಅದಕ್ಕೂ ಒಂದು ಹೆಸರಿಟ್ಟವ್ರಾ!" ತಿಮ್ಮಕ್ಕನಿಗೆ ನಿಜವಾಗಿ ಆಶ್ಚರ್ಯವಾಯಿತು. ತನ್ನ ಅಡುಗೆಮನೆಯ ಪಾತ್ರೆಯೊಂದನ್ನು ಬೇರೆ ಊರಿನ ಅಂಗಡಿಯಲ್ಲಿ ಕಂಡಂತೆ.

"ಅಣಕು. ದೊಡ್ಡದಕ್ಕೆ ಇಟ್ಟ ಧಾಟೀನ ಚಿಕ್ಕದಕ್ಕೆ ಬಳಸೋದು. ನೀವು ಆರತಿ ಧಾಟೀಲಿ ಯಾಕೆ ಹಾಡಿದ್ರಿ?"

"ಬೇರೆ ಧಾಟೀಲಿ ಹಾಡಿದ್ರೆ ನಿಮ್ಮಪ್ಪಾರು ಎರಡನೇ ಸಾಲಿಗೇ ಎದ್ದು..."

ತಿಮ್ಮಕ್ಕ ತಡೆದಳು. ಹೇಳಬಾರದ್ದು ಹೇಳಿಯಾಗಿತ್ತು. ಹುಡುಗಿ ತಲೆ ಎತ್ತಲಿಲ್ಲ. "ಮುಂದಿನದು ಹೇಳಿ" ಎಂದಳು ಮೆಲ್ಲಗೆ. ತಿಮ್ಮಕ್ಕ ಹಸುವಿನದು ಹೇಳಿದಳು, ಚಂದ್ರನದು ಹೇಳಿದಳು. ಮೋಡದ ಸಾಲಿಗೆ ಬಂದಾಗ ಪೆನ್ನು ನಿಂತಿತು. ಗೋಡೆಯಾಚೆ ಭಾನುವಾರವಾದ್ದರಿಂದ ಸದ್ದಿರಲಿಲ್ಲ.

"ಅವತ್ತು ನಾನು ಮಾಳಿಗೆ ಮೇಲೆ ಓದ್ತಿದ್ದೆ," ಎಂದಳು ಶಾಂತಕುಮಾರಿ. "ಕೋಳಿ ಅಕ್ಕಿ ತಿಂತಿದ್ವು. ಅಮ್ಮ ನೋಡ್ತಾ ನಿಂತಿದ್ರು, ಓಡಿಸ್ಲಿಲ್ಲ. ಆವತ್ತಿಂದ ಅಮ್ಮ ಯಾರ ಮಡಿಲೂ ತುಂಬಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ."

"ಬರೀಬ್ಯಾಡ ಬುಡು ಅಮ್ಮಣ್ಣಿ. ತಂದೆ ವಿಷಯ. ಮರ್ತೋಯ್ತು ಅಂತ ಹೇಳ್ತೀನಿ."

ಹುಡುಗಿ ಪೆನ್ನು ಕೆಳಗಿಡಲಿಲ್ಲ. ಅವಳ ಬೆರಳಿಗೆ ಶಾಯಿ ಅಂಟಿತ್ತು, ಅದನ್ನು ಲಂಗದ ಅಂಚಿಗೆ ಒರೆಸಿಕೊಂಡಳು.

"ಬರುವಾಗ ಅಮ್ಮ ಬಾಗಿಲಲ್ಲಿ ನಿಲ್ಲಿಸಿ ಒಂದು ಮಾತು ಹೇಳಿದ್ರು, ತಿಮ್ಮಕ್ಕ. ಒಂದು ಸಾಲೂ ಬಿಡಬೇಡ ಅಂದ್ರು."

ಪೆನ್ನು ಮತ್ತೆ ಓಡಿತು.

ಕಟ್ಟು ಹಾಕಿದ ಹಾಡು ಮಂಡಿಯ ಗೋಡೆಯೇರಿತು. ಮುಂದಿನದನ್ನೆಲ್ಲ ತಿಮ್ಮಕ್ಕನಿಗೆ ಹೇಳಿದ್ದು ಅವಳ ಗಂಡ ಹುಚ್ಚಣ್ಣ, ರೇವಣಸಿದ್ದಯ್ಯನ ಕೊಬ್ಬರಿ ಚೀಲಗಳನ್ನು ಗಾಡಿಯಲ್ಲಿ ತಿಪಟೂರಿಗೆ ಹೊಡೆಯುತ್ತಿದ್ದವನು. ಮೊದಲ ವಾರ ಸಾಹುಕಾರ ಬಂದವರಿಗೆಲ್ಲ ಕಾಫಿ ತರಿಸಿ ಅದನ್ನು ತೋರಿಸಿದ. ಓದಿದವರು ಮೀಸೆಯೊಳಗೆ ನಕ್ಕು "ಭಾರಿ ಐತೆ" ಅಂದರು. ಎರಡನೇ ವಾರ ಪಕ್ಕದ ಮಂಡಿಯವರು ಕೆಲಸವಿಲ್ಲದಿದ್ದರೂ ಬಂದು ಓದಿ ಹೋದರು. ಮೂರನೇ ವಾರ ಹರಾಜಿನ ದಿನ.

"ಚಿಕ್ಕನಾಯಕನಹಳ್ಳಿ ಕಡೆಯಿಂದ ಒಬ್ಬ ಮುದುಕಪ್ಪ ಬಂದಿದ್ದ ಕಣೇ," ಎಂದ ಹುಚ್ಚಣ್ಣ, ಜಗಲಿಯ ಮೇಲೆ ಕಾಲು ಚಾಚಿ. "ಕನ್ನಡಕ ಹಾಕ್ಕೊಂಡು ಗಟ್ಟಿಯಾಗಿ ಓದಿದ. ಮಂಡಿ ತುಂಬ ಜನ. ಮೋಡದ ಸಾಲು ಬಂತು ನೋಡು, ಅವನಿಗೆ ಕಪಟ ಇಲ್ಲ, ತಿರುಗಿ ಕೇಳೇಬಿಟ್ಟ: ಸ್ವಾಮಿ, ಈ ಮನುಷ್ಯ ತುಂಬಿದ ಹೆಂಗಸಿನ ಮಡಿಲನ್ನೂ ಒದರಿಸಿದ್ನಾ? ಯಾವೂರೋನು ಇವನು?"

"ಅವರೇನಂದ್ರು?"

"ಏನಂತಾರೆ? ಆಮೇಲೆ ಅವರು ಕುರ್ಚಿ ಎಳಕೊಂಡು, ಹತ್ತಿ ನಿಂತು, ಹಾಡನ್ನ ಓದಿದ್ರು. ಒಂದೊಂದೇ ಅಕ್ಷರ. ಅಲ್ಲೀತನಕ ಅವರು ಅದನ್ನ ಓದೇ ಇರ್ಲಿಲ್ಲ ಅಂತ ಕಾಣ್ತದೆ, ತಿಮ್ಮಿ. ಕೇಳಿದ್ರು, ಅಷ್ಟೇ. ಇಳಿಸೋಕೆ ಕೈ ಹಾಕಿದ್ರು. ಎಲ್ಲಾರೂ ನೋಡ್ತಾವ್ರೆ. ಇಳಿಸಿದ್ರೆ ನಾನೇ ಅವನು ಅಂದಂಗಾಯ್ತು. ಬುಟ್ರೆ ಇನ್ನೊಬ್ಬ ಬಂದು ಓದ್ತಾನೆ. ಕೈ ಹಂಗೇ ತಗುದ್ರು."

"ಮುಖ ಹೆಂಗಿತ್ತು?"

"ಮುಖ ಯಾಕೆ ನಿಂಗೆ?"

"ಹೇಳು ಅಂದೆ."

ಹುಚ್ಚಣ್ಣ ಯೋಚಿಸಿದ. "ಚೆಲ್ಲಿದ್ದನ್ನ ಯಾರೂ ಎತ್ತಿಕೊಡ್ಲಿಲ್ಲ ಅನ್ನೋರ ಥರ ಇತ್ತು."

ಅವತ್ತು ತಿಮ್ಮಕ್ಕ ಒಂದು ಮುದ್ದೆ ಹೆಚ್ಚಿಗೆ ಉಂಡಳು.

ಮಾರನೆಯ ಸಾಯಂಕಾಲ ಗೇಟಿನಲ್ಲಿ ಹೆಂಗಸರು ಮಡಿಲು ಒದರುವಾಗ, ಯಾರು ಶುರು ಮಾಡಿದರೋ, ಆರತಿ ಧಾಟಿ ಮೂಗಿನಲ್ಲೇ ಮೆಲ್ಲಗೆ ಎದ್ದಿತು. ಮಾತಿಲ್ಲ, ಬರೀ ಧಾಟಿ. ರೇವಣಸಿದ್ದಯ್ಯ ತೋಟದ ಕಡೆ ಮುಖ ಮಾಡಿ "ಸಾಕು, ಹೋಗ್ರಮ್ಮ" ಎಂದ. ಮೂರನೆಯ ದಿನ ಅವನ ಕುರ್ಚಿ ಖಾಲಿಯಿತ್ತು. ಇನ್ನು ಯಾರೂ ಒದರಬೇಕಾಗಿರಲಿಲ್ಲ. ಆದರೂ ಹೆಂಗಸರು ಒಬ್ಬೊಬ್ಬರಾಗಿ ಆ ಖಾಲಿ ಕುರ್ಚಿಯ ಮುಂದೆ ನಿಂತು, ಬಗ್ಗಿ ನಮಸ್ಕಾರ ಮಾಡಿ, ಮಡಿಲು ಒದರಿ, ಧಾಟಿ ಹಿಡಿದು ದಾಟಿದರು. ಒಳಗಿನ ಬಾಗಿಲಲ್ಲಿ ಸುವರ್ಣಮ್ಮ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದಳು. ಈ ಸಲವೂ ಅವಳು ಏನೂ ಹೇಳಲಿಲ್ಲ.

ಶ್ರಾವಣದಲ್ಲಿ ತುರುವೇಕೆರೆಯ ಮದುವೆಯೊಂದಕ್ಕೆ ತಿಮ್ಮಕ್ಕನಿಗೆ ಕರೆ ಬಂತು. ಹೊರಡುವ ಬೆಳಿಗ್ಗೆ ಬಾಗಿಲು ತೆಗೆದರೆ, ಲಕ್ಷ್ಮಿದೇವಮ್ಮ ಕೂಸನ್ನು ಕಂಕುಳಲ್ಲಿ ಎತ್ತಿ, ಬಟ್ಟೆಚೀಲ ಹಿಡಿದು, ಬೀದಿಯಲ್ಲಿ ನಿಂತಿದ್ದಳು.

"ಗಂಟ್ಲು?" ಎಂದಳು ತಿಮ್ಮಕ್ಕ.

"ನೀನು ಎತ್ತು. ಬಂದ್ರೆ ಬಂತು" ಎಂದಳು ತಂಗಿ.

ಅಕ್ಕ ಬೀಗ ಹಾಕುವಷ್ಟರಲ್ಲಿ ಬೀದಿಯ ತುದಿಯಲ್ಲಿ ರೇವಣಸಿದ್ದಯ್ಯ ಕಾಣಿಸಿದ. ಒಬ್ಬನೇ. ಕಂಕುಳಲ್ಲಿ ಪೇಪರು ಸುತ್ತಿದ ಚೌಕದ ಗಂಟು. ಅದು ಏನೆಂದು ಬಿಚ್ಚಿ ತೋರಿಸಬೇಕಾಗಿರಲಿಲ್ಲ. ಗೋಡೆಯಾಚೆ ಟಕಟಕ ಒಂದೊಂದಾಗಿ ನಿಲ್ಲುತ್ತ ಬಂತು. ಯಾರೋ ಅವನನ್ನು ನೋಡಿರಬೇಕು. ಕೊನೆಗೆ ಒಂದೇ ಒಂದು ಮಚ್ಚು ಉಳಿದು, ಅದೂ ನಿಂತಿತು.

ಅವನು ಜಗಲಿಯ ಕೆಳಗೆ ನಿಂತ. ತಿಮ್ಮಕ್ಕ ಜಗಲಿಯ ಮೇಲಿದ್ದಳು. ಅವಳ ಜೊತೆ ಮಾತಾಡುವಾಗ ಅವನು ನಿಂತುಕೊಂಡು ತಲೆ ಎತ್ತಬೇಕಾದದ್ದು ಅದೇ ಮೊದಲು.

"ತಿಮ್ಮಕ್ಕ, ನೀನೇ ಕಟ್ಟಿದೋಳು. ನೀನೇ ಹೇಳು. ಇದು ಹೊಗಳಿಕೆ ತಾನೆ?"

ಅವಳು ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಹೊಗಳಿಕೆ ಅಂತ ನಾಕು ಜನದ ಮುಂದೆ ಹೇಳು, ತಿರುಗಿ ನೇತು ಹಾಕ್ತೀನಿ. ಅಲ್ಲ ಅನ್ನು, ಇಲ್ಲೇ ಒಡೆದು ಹಾಕ್ತೀನಿ. ಎರಡರಲ್ಲಿ ಯಾವ್ದಾದ್ರೂ ಒಂದು ಹೇಳಮ್ಮ. ನನಗೆ ನಿದ್ದೆ ಇಲ್ಲ."

ಅವನ ದನಿಯಲ್ಲಿ ಜೋರು ಇರಲಿಲ್ಲ. ತಿಮ್ಮಕ್ಕ ಕಿವಿಗೊಟ್ಟು ಕೇಳಿದಳು. ನೀರಿನ ಸದ್ದು ಆರಿತ್ತು. ಹೌದು ಎಂದರೂ ಅವನಿಗೆ ನಿದ್ದೆ ಬರುತ್ತದೆ, ಅಲ್ಲ ಎಂದರೂ ಬರುತ್ತದೆ. ಎರಡು ವರ್ಷ ನಿದ್ದೆಗೆಟ್ಟವಳು ಎದುರಿಗೇ ನಿಂತಿದ್ದಾಳೆ, ಅವನು ಇನ್ನೂ ಅವಳ ಕಡೆ ತಿರುಗಿಲ್ಲ. ಕೂಸು ಅವನ ಕಂಕುಳಿನ ಪೇಪರು ಹಿಡಿಯಲು ಕೈ ಚಾಚಿತು. ಲಕ್ಷ್ಮಿದೇವಮ್ಮ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಬಸ್ಸಿನ ಹಾರನ್ನು ಕೇಳಿತು.

ತಿಮ್ಮಕ್ಕ ಜಗಲಿ ಇಳಿದಳು. ತಂಗಿಯ ಕೈಯಿಂದ ಚೀಲ ತೆಗೆದುಕೊಂಡಳು. "ಇದು ಹೊಗಳಿಕೆನೋ ಅಲ್ವೋ ಅಂತ ತಿಳೀಬೇಕಾದ್ರೆ, ಬುದ್ಧಿ," ಎನ್ನುತ್ತ ಅವನನ್ನು ದಾಟಿ, ಹಿಂದಿರುಗಿ ನೋಡದೆ, ಬಸ್ಸಿನ ದಿಕ್ಕಿಗೆ ಹೆಜ್ಜೆ ಹಾಕಿದಳು, "ಒಂದಿನ ಸಾಯಂಕಾಲ ನಿಮ್ಮ ಗೇಟಿನ ಈಚೆ ಕಡೆ ನಿಂತ್ಕೊಂಡು, ತುಂಬಿದ ಮಡಿಲು ಹಿಡ್ಕೊಂಡು, ಯಾರಾದ್ರೂ ಒಂದು ಮಾತು ಆಡ್ತಾರೇನೋ ಅಂತ ತಿರುಗಿ ನೋಡ್ಬೇಕು."